ಥೀಮ್ ಪಾರ್ಕ್ ಮತ್ತು ಜಾತ್ರೆಯ ಆಟಗಳಲ್ಲಿ ಮಾಸ್ಕ್ ನಿಯಮ: ಗೇಟು ದಾಟಿದ ಮೇಲೂ ಪಾಲನೆಯಾಗುವಂತೆ ಮಾಡುವುದು ಹೇಗೆ?

ಕೋವಿಡ್ ಸೋಂಕಿನ ಹೊಸ ತಳಿಯ ಸುದ್ದಿ ಬಂದಾಗಲೆಲ್ಲ ಬೆಳಗಾವಿ, ಬಾಗಲಕೋಟೆ, ವಿಜಯಪುರ ಭಾಗದ ಓದುಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. "ಗೇಟಿನಲ್ಲಿ ಎಲ್ಲರೂ ಮಾಸ್ಕ್ ಹಾಕಿಕೊಂಡೇ ಬರುತ್ತಾರೆ, ಹತ್ತು ಹೆಜ್ಜೆ ಒಳಗೆ ಹೋದ ಮೇಲೆ ಗದ್ದಕ್ಕೆ ಇಳಿಸುತ್ತಾರೆ, ಏನು ಮಾಡಬೇಕು?" ಎಂಬುದು ಆ ಪ್ರಶ್ನೆ. ಕೇಳುವವರಲ್ಲಿ ವಾಟರ್ ಪಾರ್ಕ್ ನಡೆಸುವವರಿದ್ದಾರೆ, ಬನಶಂಕರಿ ಜಾತ್ರೆಯಲ್ಲೋ ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲೋ ತೊಟ್ಟಿಲು (ಜಯಂಟ್ ವೀಲ್) ಮತ್ತು ಕೊಲಂಬಸ್ (ತೂಗಾಡುವ ದೊಡ್ಡ ದೋಣಿ) ಹಾಕುವವರಿದ್ದಾರೆ, ಆಲಮಟ್ಟಿಯ ಉದ್ಯಾನಗಳಿಗೆ ಮಕ್ಕಳನ್ನು ಪ್ರವಾಸಕ್ಕೆ ಕರೆತರುವ ಶಿಕ್ಷಕರೂ ಇದ್ದಾರೆ. ಈ ಎಲ್ಲರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಲೇಖನ ಬರೆದಿದೆ.

ಮೊದಲೇ ಒಂದು ಮಾತು. ಮಾಸ್ಕ್ ಪಾಲನೆಯಾಗದಿರಲು ಜನರ ಹಟಕ್ಕಿಂತ ನಮ್ಮ ವ್ಯವಸ್ಥೆಯೇ ಹೆಚ್ಚಿನ ಕಾರಣ. ದಿನವಿಡೀ, ಎಲ್ಲ ಕಡೆ, ಎಲ್ಲರೂ ಹಾಕಿಕೊಂಡಿರಬೇಕು ಎಂದು ಬರೆದ ನಿಯಮವನ್ನು ಏಪ್ರಿಲ್ ತಿಂಗಳ ವಿಜಯಪುರದ ಬಿಸಿಲಿನಲ್ಲಿ ಯಾರೂ ಪಾಲಿಸುವುದಿಲ್ಲ, ಪಾಲಿಸಲು ಸಾಧ್ಯವೂ ಇಲ್ಲ. ಎಲ್ಲಿ ತೆಗೆಯಬಹುದು ಎಂಬುದನ್ನು ನೀವು ಮೊದಲು ಗೊತ್ತುಮಾಡಿದರೆ ಮಾತ್ರ ಎಲ್ಲಿ ತೆಗೆಯಬಾರದು ಎಂದು ಹೇಳುವ ಅಧಿಕಾರ ನಿಮ್ಮ ಮಾತಿಗೆ ಬರುತ್ತದೆ.

ಸಿದ್ಧವಾಗಿ ಇಟ್ಟುಕೊಳ್ಳಬೇಕಾದವು ಹೆಚ್ಚೇನಿಲ್ಲ: ಆ ಹೊತ್ತಿಗೆ ಜಾರಿಯಲ್ಲಿರುವ ಸರ್ಕಾರಿ ಆದೇಶದ ಪ್ರತಿ, ನಿಮ್ಮ ಜಾಗದ ಕೈಬರಹದ ನಕ್ಷೆ, ಕೊಡಲು ಮತ್ತು ಮಾರಲು ಮೂರು ಪದರದ ಮಾಸ್ಕುಗಳು, ಮುಚ್ಚಳವಿರುವ ಕಸದ ಡಬ್ಬಿಗಳು, ಧ್ವನಿವರ್ಧಕ, ಮತ್ತು ಸಿಟ್ಟು ಮಾಡಿಕೊಳ್ಳದೆ ಮಾತಾಡಬಲ್ಲ ಇಬ್ಬರು ಮೂವರು ಸಿಬ್ಬಂದಿ. ಕೊನೆಯದು ಸಿಗುವುದೇ ಕಷ್ಟ.

ಹಂತ 1: ಯಾರ ಆದೇಶ, ಯಾವ ದಿನಾಂಕದ್ದು ಎಂದು ನೋಡಿಕೊಳ್ಳಿ

ಕೋವಿಡ್ ಕಾಲದಲ್ಲಿ ನಿಯಮಗಳು ಮೇಲಿನಿಂದ ಕೆಳಕ್ಕೆ ಪದರಪದರವಾಗಿ ಬಂದವು. ಕೇಂದ್ರ ಸರ್ಕಾರವು 2020ರ ಸೆಪ್ಟೆಂಬರ್ 30ರ ಮಾರ್ಗಸೂಚಿಯಲ್ಲಿ ಮನರಂಜನಾ ಪಾರ್ಕುಗಳನ್ನು ಅಕ್ಟೋಬರ್ 15ರಿಂದ ತೆರೆಯಲು ಅವಕಾಶ ಕೊಟ್ಟಿತು. ಆರೋಗ್ಯ ಸಚಿವಾಲಯವು ಅಕ್ಟೋಬರ್ 8ರಂದು ಅಂತಹ ಸ್ಥಳಗಳಿಗೆಂದೇ ಒಂದು ಎಸ್‌ಒಪಿ ಹೊರಡಿಸಿತು. ಎಸ್‌ಒಪಿ ಎಂದರೆ ಯಾವ ಕೆಲಸವನ್ನು ಯಾವ ಕ್ರಮದಲ್ಲಿ ಮಾಡಬೇಕೆಂದು ತಿಳಿಸುವ ಕಾರ್ಯವಿಧಾನದ ಪಟ್ಟಿ. ಮುಖಗವಸು ಕಡ್ಡಾಯ, ಆರು ಅಡಿ ಅಂತರ, ಉಗುಳುವುದಕ್ಕೆ ನಿಷೇಧ, ನೀರಿನ ಆಟಗಳಿದ್ದಲ್ಲಿ ನೀರನ್ನು ಸೋಸಿ ಕ್ಲೋರಿನ್ ಹಾಕುವುದು ಮುಂತಾದವು ಅದರಲ್ಲಿದ್ದವು. ಇದರ ಮೇಲೆ ರಾಜ್ಯದ ಆದೇಶ, ಅದರ ಮೇಲೆ ಜಿಲ್ಲಾಧಿಕಾರಿಗಳ ಆದೇಶ ಬರುತ್ತದೆ. ಕೆಳಗಿನವರು ನಿಯಮವನ್ನು ಬಿಗಿಗೊಳಿಸಬಹುದೇ ಹೊರತು ಸಾಮಾನ್ಯವಾಗಿ ಸಡಿಲಿಸುವಂತಿಲ್ಲ. ಆದ್ದರಿಂದ ಮೂರನ್ನೂ ಓದಿ, ಹೆಚ್ಚು ಬಿಗಿಯಾದುದನ್ನು ನಿಮ್ಮ ನಿಯಮವಾಗಿ ತೆಗೆದುಕೊಳ್ಳಿ.

ದಿನಾಂಕ ಏಕೆ ಮುಖ್ಯ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. 2020ರ ಅಕ್ಟೋಬರ್ ಆರಂಭದಲ್ಲಿ ಮಾಸ್ಕ್ ಹಾಕದವರಿಗೆ ನಗರಗಳಲ್ಲಿ 1000 ರೂಪಾಯಿ, ಗ್ರಾಮೀಣ ಪ್ರದೇಶದಲ್ಲಿ 500 ರೂಪಾಯಿ ದಂಡ ಎಂದು ಸರ್ಕಾರ ಪ್ರಕಟಿಸಿತು, ಕೆಲವೇ ದಿನಗಳಲ್ಲಿ ಅದನ್ನು 250 ಮತ್ತು 100 ರೂಪಾಯಿಗೆ ಇಳಿಸಿತು. ಹಳೆಯ ಮೊತ್ತದ ಫಲಕವನ್ನು ತೆಗೆಯದೆ ಬಿಟ್ಟವರು ಪ್ರತಿ ದಿನ ಗೇಟಿನಲ್ಲಿ ವಾದ ಮಾಡುತ್ತ ನಿಲ್ಲಬೇಕಾಗುತ್ತದೆ. ಫಲಕದ ಕೆಳಗೆ ಆದೇಶದ ದಿನಾಂಕವನ್ನು ಬರೆಯಿರಿ.

ಎಚ್ಚರಿಕೆ: ದಂಡ ವಸೂಲಿ ಮಾಡುವ ಅಧಿಕಾರ ಇರುವುದು ಸರ್ಕಾರ ಗೊತ್ತುಪಡಿಸಿದ ಅಧಿಕಾರಿಗಳಿಗೆ ಮಾತ್ರ. ಪಾರ್ಕಿನ ಸಿಬ್ಬಂದಿ ರಸೀದಿ ಪುಸ್ತಕ ಹಿಡಿದು ದಂಡ ಕೇಳಬಾರದು. ಪ್ರವೇಶ ನಿರಾಕರಿಸುವುದು, ಆಟಕ್ಕೆ ಹತ್ತಿಸದಿರುವುದು, ಹೊರಗೆ ಹೋಗಲು ಹೇಳುವುದು ನಿಮ್ಮ ಕೈಯಲ್ಲಿರುವ ಕ್ರಮಗಳು. ಇನ್ನೊಂದು ಸಂಗತಿಯೂ ನೆನಪಿರಲಿ. ನಮ್ಮ ಗಡಿಭಾಗಕ್ಕೆ ಸಾಂಗ್ಲಿ, ಕೊಲ್ಹಾಪುರ, ಸೊಲ್ಲಾಪುರಗಳಿಂದ ಬರುವವರು ತಮ್ಮ ರಾಜ್ಯದ ನಿಯಮವನ್ನೇ ತಲೆಯಲ್ಲಿಟ್ಟುಕೊಂಡು ಬಂದಿರುತ್ತಾರೆ. ಅವರು ನಿಯಮ ಮುರಿಯಲು ಬಂದವರಲ್ಲ, ಅವರಿಗೆ ಇಲ್ಲಿಯ ನಿಯಮ ಗೊತ್ತಿರುವುದಿಲ್ಲ ಅಷ್ಟೆ.

ಹಂತ 2: ಜಾಗವನ್ನು ಮೂರು ಪಾಲು ಮಾಡಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ನಕ್ಷೆಯನ್ನು ಮುಂದಿಟ್ಟುಕೊಂಡು ಪ್ರತಿಯೊಂದು ಜಾಗವನ್ನೂ ಈ ಮೂರರಲ್ಲಿ ಒಂದಕ್ಕೆ ಸೇರಿಸಿ: ಮಾಸ್ಕ್ ಇರಲೇಬೇಕಾದ ಜಾಗ, ತೆಗೆಯಬಹುದಾದ ಜಾಗ, ಹಾಕಲೇಬಾರದ ಜಾಗ. ಯಾವುದಕ್ಕೂ ಸೇರದ ಜಾಗವನ್ನು ಉಳಿಸಬೇಡಿ, ಏಕೆಂದರೆ ಜನ ಮಾಸ್ಕ್ ಇಳಿಸುವುದು ಅಲ್ಲಿಂದಲೇ.

ಟಿಕೆಟ್ ಕೌಂಟರ್, ಸರದಿ ಸಾಲು, ಅಂಗಡಿ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಮುಚ್ಚಿದ ಪ್ರದರ್ಶನ ಮಂದಿರ ಇವೆಲ್ಲ ಮೊದಲ ಪಾಲಿಗೆ ಸೇರುತ್ತವೆ. ಕಾರಣ ಸರಳ. ನಾವು ಉಸಿರು ಬಿಟ್ಟಾಗ, ಮಾತಾಡಿದಾಗ ಹೊರಬರುವ ಅತಿ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ. ಇವನ್ನೇ ಏರೋಸಾಲ್ ಎನ್ನುತ್ತಾರೆ. ತೆರೆದ ಬಯಲಿನಲ್ಲಿ ಗಾಳಿ ಅವನ್ನು ಚದುರಿಸಿಬಿಡುತ್ತದೆ. ಆದ್ದರಿಂದ ಬಯಲಲ್ಲಿ ತಿರುಗುವ ತೊಟ್ಟಿಲಿಗಿಂತ ಅದರ ಕೆಳಗಿನ ಒತ್ತೊತ್ತಾದ ಸಾಲೇ ಹೆಚ್ಚು ಅಪಾಯದ್ದು. ಬಹಳಷ್ಟು ಕಡೆ ಇದು ತಿರುವುಮುರುವಾಗಿರುತ್ತದೆ: ಆಟದ ಮೇಲೆ ಕೂತವರಿಗೆ ಬುದ್ಧಿ ಹೇಳುತ್ತಾರೆ, ಸಾಲಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವರನ್ನು ಯಾರೂ ನೋಡುವುದಿಲ್ಲ.

ತೆಗೆಯಬಹುದಾದ ಜಾಗ ಎಂದರೆ ಊಟ ತಿಂಡಿಯ ಆವರಣ ಮತ್ತು ನೆರಳಿರುವ ತೆರೆದ ವಿಶ್ರಾಂತಿ ಜಾಗ. ಇಲ್ಲಿ ನಿಯಮ ಒಂದೇ: ಕೂತರೆ ತೆಗೆಯಬಹುದು, ಎದ್ದರೆ ಹಾಕಿಕೊಳ್ಳಬೇಕು. ಇದು ಅನುಭವದಿಂದ ಬಂದ ನಿಯಮ. ಅಮೆರಿಕದ ಫ್ಲಾರಿಡಾದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್ 2020ರ ಜುಲೈ 11ರಂದು ಮತ್ತೆ ಬಾಗಿಲು ತೆರೆದಾಗ ತಿನ್ನುವಾಗ, ಕುಡಿಯುವಾಗ ಮಾಸ್ಕ್ ತೆಗೆಯಬಹುದು ಎಂದಷ್ಟೇ ಹೇಳಿತ್ತು. ಕೈಯಲ್ಲೊಂದು ಲೋಟ ಹಿಡಿದು ನಡೆಯುತ್ತಿದ್ದರೆ ಆಯಿತು, ದಿನವಿಡೀ ಮಾಸ್ಕ್ ಬೇಕಿಲ್ಲ ಎಂಬಂತಾಯಿತು. ಒಂದು ವಾರದ ಆಸುಪಾಸಿನಲ್ಲೇ ಅವರು ನಿಯಮ ತಿದ್ದಿ, ಒಂದೆಡೆ ನಿಂತು, ಅಂತರ ಇಟ್ಟುಕೊಂಡು ತಿನ್ನುವಾಗ ಮಾತ್ರ ತೆಗೆಯಬಹುದು ಎಂದರು. ನಮ್ಮಲ್ಲಿ ಲೋಟದ ಬದಲು ಚುರುಮುರಿಯ ಪೊಟ್ಟಣ ಇರುತ್ತದೆ, ಮಿರ್ಚಿ ಭಜಿ ಇರುತ್ತದೆ. ತಿಂಡಿ ಅಂಗಡಿಗಳು ಮೈದಾನದ ತುಂಬ ಚೆಲ್ಲಿಕೊಂಡಿದ್ದರೆ ಎಲ್ಲವನ್ನೂ ಒಂದು ಬದಿಗೆ ತನ್ನಿ, ಮುಂದೆ ಬೆಂಚು ಹಾಕಿಸಿ. ಇದೊಂದನ್ನೇ ಮಾಡಿದರೂ ಅರ್ಧ ಸಮಸ್ಯೆ ಕಳೆಯುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಕಲೇಬಾರದ ಜಾಗ ನೀರು. ಒದ್ದೆಯಾದ ಮಾಸ್ಕಿನ ಮೂಲಕ ಉಸಿರಾಡುವುದು ಕಷ್ಟ, ಮಕ್ಕಳಿಗಂತೂ ಅಪಾಯ. ನೀರಿನ ಜಾರುಬಂಡೆ, ಅಲೆಗಳ ಕೊಳ, ಮಳೆ ನೃತ್ಯದ ಅಂಗಳ ಇವುಗಳ ಅಂಚಿನಲ್ಲೇ ಮಾಸ್ಕ್ ತೆಗೆದಿಡಬೇಕೆಂದು ಸ್ಪಷ್ಟವಾಗಿ ಬರೆಯಿರಿ. ತೆಗೆದದ್ದನ್ನು ಎಲ್ಲಿಡಬೇಕು? ಇದನ್ನು ಯಾರೂ ಯೋಚಿಸುವುದಿಲ್ಲ. ಪ್ರತಿಯೊಬ್ಬರಿಗೂ ಒಂದು ಸಣ್ಣ ಕಾಗದದ ಚೀಲ ಕೊಟ್ಟು ಲಾಕರಿನಲ್ಲಿಡಲು ಹೇಳಿ, ಇಲ್ಲವೇ ನೀರಿನಿಂದ ಎದ್ದು ಬಂದವರಿಗೆ ಹೊಸ ಮಾಸ್ಕ್ ಕೊಡುವ ಮೇಜನ್ನು ಅಲ್ಲೇ ಇಡಿ. ಜಾರುಬಂಡೆ ಹತ್ತುವ ಮೆಟ್ಟಿಲಿನ ಸಾಲಿನಲ್ಲಿ ಒದ್ದೆ ಮೈಯವರೂ ಒಣ ಮೈಯವರೂ ಬೆರೆತಿರುವುದರಿಂದ ಅಲ್ಲಿ ಮಾಸ್ಕಿಗಿಂತ ಅಂತರವೇ ಆಧಾರ. ಎರಡು ಮೆಟ್ಟಿಲು ಬಿಟ್ಟು ಒಂದಕ್ಕೆ ಹಳದಿ ಬಣ್ಣ ಬಳಿಯಿರಿ, ಬಣ್ಣದ ಮೆಟ್ಟಿಲಿನ ಮೇಲೆ ಮಾತ್ರ ನಿಲ್ಲಿಸಿ.

ವೇಗದ ಆಟಗಳ ಬಗ್ಗೆ ಎರಡು ಮಾತಿದೆ. ಕಿವಿಗೆ ಸಿಕ್ಕಿಸುವ ಮಾಸ್ಕ್ ಗಾಳಿಗೆ ಹಾರಿ ಯಂತ್ರಕ್ಕೆ ಸಿಕ್ಕಬಹುದು ಎಂಬ ಆತಂಕ ನಿಮ್ಮ ಆಪರೇಟರಿಗೆ ಇದ್ದರೆ ಅವರ ಮಾತಿಗೆ ಬೆಲೆ ಕೊಡಿ. ತಲೆಯ ಹಿಂದೆ ಕಟ್ಟುವ ಮಾಸ್ಕ್ ಬಳಸಿ, ಅಥವಾ ಒಂದು ಸೀಟು ಬಿಟ್ಟು ಕೂರಿಸಿ. ಎರಡನೆಯದು ಕಿರುಚಾಟ. ಜೋರು ದನಿಯಲ್ಲಿ ಕೂಗಿದಾಗ ಹೊರಬೀಳುವ ಹನಿಗಳು ಹೆಚ್ಚು. ಜಪಾನಿನ ಪಾರ್ಕುಗಳು 2020ರಲ್ಲಿ ಇದೇ ಕಾರಣಕ್ಕೆ ಕೂಗಬೇಡಿ ಎಂದು ಕೇಳಿಕೊಂಡವು. ಫ್ಯೂಜಿ-ಕ್ಯೂ ಹೈಲ್ಯಾಂಡ್ ಎಂಬ ಪಾರ್ಕಿನ ಇಬ್ಬರು ಅಧಿಕಾರಿಗಳು ಮಾಸ್ಕ್ ಹಾಕಿಕೊಂಡು, ಮುಖದ ಒಂದು ಗೆರೆಯೂ ಅಲುಗದಂತೆ ರೋಲರ್ ಕೋಸ್ಟರಿನಲ್ಲಿ ಕೂತು ಬಂದ ವಿಡಿಯೊ ಮಾಡಿ, ಮನಸ್ಸಿನೊಳಗೇ ಕೂಗಿಕೊಳ್ಳಿ ಎಂದು ಹೇಳಿದ್ದರು. ನಮ್ಮ ಕೊಲಂಬಸ್ ಮೇಲೆ ಇದು ನಡೆಯುವ ಮಾತಲ್ಲ. ಕೂಗಬೇಡಿ ಎನ್ನುವ ಬದಲು, ಕೂಗುವುದಿದ್ದರೆ ಮಾಸ್ಕ್ ಮೂಗಿನ ಮೇಲೇ ಇರಲಿ ಎನ್ನುವುದು ಸಾಧ್ಯವಾಗುವ ನಿಯಮ.

ಹಂತ 3: ಮಕ್ಕಳ ವಯಸ್ಸನ್ನು ಸ್ಪಷ್ಟವಾಗಿ ಬರೆಯಿರಿ

ಭಾರತದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 2021ರ ಜೂನ್‌ನಲ್ಲಿ ಕೊಟ್ಟ ಸೂಚನೆ ಹೀಗಿತ್ತು: ಐದು ವರ್ಷ ಮತ್ತು ಅದಕ್ಕಿಂತ ಚಿಕ್ಕವರಿಗೆ ಮಾಸ್ಕ್ ಬೇಡ; ಆರರಿಂದ ಹನ್ನೊಂದರವರು ತಂದೆತಾಯಿಯ ನಿಗಾದಲ್ಲಿ ಹಾಕಬಹುದು; ಹನ್ನೆರಡು ತುಂಬಿದವರಿಗೆ ದೊಡ್ಡವರಂತೆಯೇ. ಡಿಸ್ನಿ ವರ್ಲ್ಡ್ ಎರಡು ವರ್ಷ ತುಂಬಿದ ಎಲ್ಲರಿಗೂ ಕಡ್ಡಾಯ ಮಾಡಿತ್ತು. ವಿದೇಶದ ಫಲಕವನ್ನು ನೋಡಿ ನಕಲು ಮಾಡಬೇಡಿ, ಇಲ್ಲಿಯ ಸೂಚನೆಯನ್ನೇ ಬರೆಯಿರಿ. ಉಸಿರಾಟದ ತೊಂದರೆ ಇದೆ ಎಂದು ಹೇಳುವವರಿಂದ ಗೇಟಿನಲ್ಲಿ ವೈದ್ಯರ ಪತ್ರ ಕೇಳುತ್ತ ನಿಲ್ಲಿಸುವುದೂ ಸರಿಯಲ್ಲ. ಅವರನ್ನು ಜನ ಕಡಿಮೆ ಇರುವ ತೆರೆದ ಭಾಗಕ್ಕೆ ಕರೆದೊಯ್ಯಿರಿ, ಮುಚ್ಚಿದ ಮಂದಿರಕ್ಕೆ ಮಾತ್ರ ಬೇಡವೆನ್ನಿ.

ಹಂತ 4: ಯಾವುದು ಮಾಸ್ಕ್, ಯಾವುದು ಅಲ್ಲ

ನಮ್ಮ ಕಡೆ ಹೆಚ್ಚು ವಾದ ಆಗುವುದು ಇಲ್ಲಿಯೇ. "ಸೆರಗು ಮುಚ್ಕೊಂಡೀನಲ್ರೀ", "ಟವೆಲ್ ಐತಲ್ಲ" ಎಂಬ ಉತ್ತರಗಳು ನಿಮಗೆ ಪರಿಚಿತ. ಸೆರಗು, ದಸ್ತಿ, ಟವೆಲ್ ಇವೆಲ್ಲ ಕೈಯಿಂದ ಹಿಡಿದಷ್ಟು ಹೊತ್ತು ಮಾತ್ರ ಮುಖದ ಮೇಲಿರುತ್ತವೆ. ಆಟದ ಸರಳು ಹಿಡಿಯಲು ಕೈ ಬಿಟ್ಟ ಕ್ಷಣ ಜಾರುತ್ತವೆ. ಮೂಗು, ಬಾಯಿ, ಗದ್ದ ಮೂರನ್ನೂ ಮುಚ್ಚಬೇಕು, ಕೈ ಬಿಟ್ಟರೂ ನಿಲ್ಲಬೇಕು ಎಂಬ ಎರಡೇ ಪರೀಕ್ಷೆ ಸಾಕು. ಬುರ್ಖಾ ಧರಿಸಿದ ಮಹಿಳೆಯರಲ್ಲಿ ಒಳಗೆ ಮಾಸ್ಕ್ ಹಾಕಿಕೊಳ್ಳಲು ಕೇಳಿಕೊಳ್ಳುವ ಕೆಲಸವನ್ನು ಮಹಿಳಾ ಸಿಬ್ಬಂದಿಗೆ ವಹಿಸಿ. ಮುಖ ತೋರಿಸಲು ಹೇಳಬೇಕಾಗಿಲ್ಲ, ಮಾತಿನ ಮೇಲೆ ನಂಬಿಕೆ ಇಡಿ.

ವಾಲ್ವ್ ಇರುವ ಎನ್95 ಮಾಸ್ಕನ್ನು ಒಪ್ಪಬೇಡಿ. ವಾಲ್ವ್ ಎಂದರೆ ಬಿಟ್ಟ ಉಸಿರನ್ನು ಸೋಸದೆ ಹೊರಕ್ಕೆ ಹೋಗಗೊಡುವ ಸಣ್ಣ ಕವಾಟ. ಧರಿಸಿದವರಿಗೆ ರಕ್ಷಣೆ ಸಿಗುತ್ತದೆ, ಪಕ್ಕದವರಿಗೆ ಸಿಗುವುದಿಲ್ಲ. ಕೇಂದ್ರ ಆರೋಗ್ಯ ಸಚಿವಾಲಯವೇ 2020ರ ಜುಲೈನಲ್ಲಿ ಇಂತಹ ಮಾಸ್ಕ್ ಬಗ್ಗೆ ರಾಜ್ಯಗಳಿಗೆ ಎಚ್ಚರಿಕೆ ಕೊಟ್ಟಿತ್ತು.

ತಿರಸ್ಕರಿಸಿದ ಮೇಲೆ ಬದಲಿ ಕೊಡಬೇಕು. ಕೌಂಟರಿನಲ್ಲಿ ಕೊಂಡ ಬೆಲೆಗೇ ಮಾಸ್ಕ್ ಮಾರಿ. ಐದು ರೂಪಾಯಿಯ ವಸ್ತುವನ್ನು ಇಪ್ಪತ್ತಕ್ಕೆ ಮಾರಿದರೆ ನಿಮ್ಮ ನಿಯಮವೇ ವ್ಯಾಪಾರವೆಂದು ಜನ ತಿಳಿಯುತ್ತಾರೆ, ಆ ಮೇಲೆ ಯಾವ ಮಾತೂ ನಾಟುವುದಿಲ್ಲ.

ಹಂತ 5: ಟಿಕೆಟಿನ ಹಣ ತೆಗೆದುಕೊಳ್ಳುವ ಮೊದಲೇ ಹೇಳಿ

ಕುಟುಂಬ ಸಮೇತ ಇಳಕಲ್ಲಿನಿಂದಲೋ ಅಥಣಿಯಿಂದಲೋ ಗಾಡಿ ಮಾಡಿಕೊಂಡು ಬಂದು, ಹಣ ಕಟ್ಟಿ, ಒಳಗೆ ಹೋದವರಿಗೆ ಹೊಸ ಷರತ್ತು ಹೇಳಿದರೆ ಜಗಳವಾಗುವುದು ಸಹಜ. ಗಾಡಿ ನಿಲ್ಲಿಸುವ ಜಾಗದಲ್ಲಿ ಒಂದು ಫಲಕ, ಕೌಂಟರಿನ ಮೇಲೆ ಒಂದು ಫಲಕ, ಫೋನಿನಲ್ಲಿ ಬುಕಿಂಗ್ ಮಾಡುವವರಿಗೆ ಬಾಯಿಮಾತು, ಶಾಲೆಯವರಿಗೆ ಹಿಂದಿನ ದಿನವೇ ಸಂದೇಶ ಇರಲಿ. ಫಲಕವು ಕನ್ನಡದಲ್ಲಿ ದೊಡ್ಡದಾಗಿದ್ದು, ಬೆಳಗಾವಿ ಭಾಗದಲ್ಲಿ ಮರಾಠಿ, ವಿಜಯಪುರದಲ್ಲಿ ಉರ್ದು ಸಾಲೂ ಕೆಳಗಿರಲಿ. ಓದು ಬಾರದವರೂ ಬರುತ್ತಾರೆ, ಆದ್ದರಿಂದ ಚಿತ್ರ ಇರಲೇಬೇಕು. ಬರಹ ಇಷ್ಟು ಸಾಕು:

"ಸಾಲಿನಲ್ಲಿ, ಆಟದಲ್ಲಿ, ಕೋಣೆಯೊಳಗೆ ಮಾಸ್ಕ್ ಇರಲಿ. ಕೂತು ತಿನ್ನುವಾಗ ತೆಗೆಯಬಹುದು. ನೀರಿಗೆ ಇಳಿಯುವಾಗ ತೆಗೆಯಲೇಬೇಕು. ಒಪ್ಪದವರಿಗೆ ಟಿಕೆಟ್ ಕೊಡುವುದಿಲ್ಲ. ಒಳಗೆ ಬರುವ ಮೊದಲು ಮನಸ್ಸು ಬದಲಿಸಿದರೆ ಪೂರ್ತಿ ಹಣ ವಾಪಸ್."

ಹಂತ 6: ಸಿಬ್ಬಂದಿಗೆ ಮಾತು ಕಲಿಸಿ

"ಏಯ್, ಮಾಸ್ಕ್ ಹಾಕು" ಎಂದು ಶುರುವಾದ ಮಾತು ಮಾಸ್ಕಿನಲ್ಲಿ ಮುಗಿಯುವುದಿಲ್ಲ. ಅಣ್ಣ, ಅಕ್ಕ ಎಂದು ವರಸೆ ಹಚ್ಚಿ, ಕಾರಣಕ್ಕಿಂತ ಲಾಭವನ್ನು ಮುಂದಿಟ್ಟು ಹೇಳುವುದನ್ನು ಅಭ್ಯಾಸ ಮಾಡಿಸಿ. "ಅಣ್ಣಾರ, ಮಾಸ್ಕ್ ಸ್ವಲ್ಪ ಮೂಗಿನ ಮ್ಯಾಲ ಏರಿಸ್ಕೊಳ್ರಿ, ಮುಂದಿನ ಪಾಳಿ ನಿಮ್ದ ಐತಿ." "ಅಕ್ಕಾರ, ಅಲ್ಲಿ ನೆರಳಾಗ ಕುಂತ ತಿನ್ರಿ, ಆರಾಮ ಆಗ್ತದ." ಹುಡುಗರಿಗೆ "ತಮ್ಮಾ" ಸಾಕು, ಹಿರಿಯರಿಗೆ "ಅಜ್ಜಾರ" ಎಂದೇ ಕರೆಯಬೇಕು.

ಕ್ರಮವೂ ಗೊತ್ತಿರಲಿ. ಮೊದಲು ಕೈಸನ್ನೆ, ಆಮೇಲೆ ಒಂದು ಮಾತು, ಆಮೇಲೂ ಆಗದಿದ್ದರೆ ಆಟ ನಿಲ್ಲಿಸುವುದು. ನಿಮ್ಮ ಕೈಯಲ್ಲಿರುವ ದೊಡ್ಡ ಬಲ ಈ ಮೂರನೆಯದು. "ಎಲ್ಲಾರೂ ಹಾಕ್ಕೊಂಡ ಮ್ಯಾಲೇನ ತೊಟ್ಟಿಲ ತಿರಗತದ್ರಿ" ಎಂದು ಧ್ವನಿವರ್ಧಕದಲ್ಲಿ ಹೇಳಿ ಸುಮ್ಮನೆ ನಿಂತರೆ, ಹಾಕದವನಿಗೆ ಪಕ್ಕದವರೇ ಹೇಳುತ್ತಾರೆ. ಡಿಸ್ನಿ ವರ್ಲ್ಡ್‌ನಲ್ಲಿ ಆಟದ ನಡುವೆ ತೆಗೆದ ಫೋಟೊದಲ್ಲಿ ಮಾಸ್ಕ್ ಕಾಣದಿದ್ದರೆ ಆ ಫೋಟೊವನ್ನೇ ಕೊಡುತ್ತಿರಲಿಲ್ಲ. ಜನ ಬಯಸಿ ಬಂದ ವಸ್ತುವಿಗೇ ನಿಯಮವನ್ನು ಕಟ್ಟುವುದು ದಂಡಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಮಾಡಬಾರದ್ದು: ಮೈ ಮುಟ್ಟುವುದು, ಮೊಬೈಲಿನಲ್ಲಿ ವಿಡಿಯೊ ಹಿಡಿಯುವುದು, ಹೆಂಡತಿ ಮಕ್ಕಳ ಮುಂದೆ ಗಂಡಸನ್ನು ಗದರಿಸುವುದು. ಎರಡು ಸಲ ಹೇಳಿದ ಸಿಬ್ಬಂದಿ ಮೂರನೆಯ ಸಲ ತಾನೇ ಹೇಳಬಾರದು. ಮೇಲ್ವಿಚಾರಕರನ್ನು ಕರೆಯಬೇಕು, ಅವರ ಮಾತಿಗೂ ಬಗ್ಗದೆ ಗಲಾಟೆಗೆ ನಿಂತರೆ ಪೊಲೀಸರಿಗೆ ಬಿಡಬೇಕು.

ಇದೆಲ್ಲಕ್ಕಿಂತ ಮೊದಲು ನೋಡಬೇಕಾದ್ದು ನಿಮ್ಮ ಕಡೆಯವರನ್ನು. ಮಾಲೀಕರು ಗದ್ದಕ್ಕೆ ಮಾಸ್ಕ್ ಇಳಿಸಿಕೊಂಡು ಕೌಂಟರಿನಲ್ಲಿ ಕೂತಿದ್ದರೆ, ಊರಿನ ಪ್ರಮುಖರು ಬಂದಾಗ ಹಾರ ಹಾಕಿ ಮಾಸ್ಕ್ ಇಲ್ಲದೆ ಫೋಟೊ ತೆಗೆಸಿಕೊಂಡರೆ, ಆ ದಿನದ ಮಟ್ಟಿಗೆ ನಿಯಮ ಮುಗಿಯಿತು.

ಹಂತ 7: ಗುಟ್ಕಾ ಮತ್ತು ಎಲೆ ಅಡಿಕೆ

ದೊಡ್ಡ ನಗರಗಳ ಮಾರ್ಗಸೂಚಿಗಳಲ್ಲಿ ಇದಕ್ಕೆ ಒಂದು ಸಾಲು ಇದ್ದರೆ ಹೆಚ್ಚು. ನಮ್ಮಲ್ಲಿ ಮಾಸ್ಕ್ ಮತ್ತೆ ಮತ್ತೆ ಇಳಿಯಲು ದೊಡ್ಡ ಕಾರಣ ಬಾಯಲ್ಲಿ ತುಂಬಿದ ಗುಟ್ಕಾ. ತಪಾಸಣೆ ಮಾಡುವಾಗಲೇ ಪೊಟ್ಟಣಗಳನ್ನು ಹೊರಗಿಡಿಸಿ, ವಾಪಸ್ ಹೋಗುವಾಗ ಕೊಡುವುದಾಗಿ ಹೇಳಿ. ಗೇಟಿನ ಹೊರಗೆ ಕೈಕಾಲು ತೊಳೆಯುವ ನಲ್ಲಿ ಇದ್ದರೆ ಬಾಯಿ ತೊಳೆದು ಒಳಗೆ ಬರಲು ಅನುಕೂಲ.

ಹಂತ 8: ಬಿಸಿಲು, ಬೆವರು, ಬಳಸಿದ ಮಾಸ್ಕ್

ಬೇಸಿಗೆಯಲ್ಲಿ ವಿಜಯಪುರ, ಬಾಗಲಕೋಟೆಗಳಲ್ಲಿ ತಾಪಮಾನ 40 ಡಿಗ್ರಿ ದಾಟುತ್ತದೆ. ಬೆವರಿನಿಂದ ತೊಯ್ದ ಮಾಸ್ಕ್ ಸರಿಯಾಗಿ ಸೋಸುವುದಿಲ್ಲ, ಉಸಿರೂ ಕಟ್ಟುತ್ತದೆ. ಬೆಳಿಗ್ಗೆ ಬೇಗ ತೆರೆದು, ಮಧ್ಯಾಹ್ನ ಬಿಡುವು ಕೊಟ್ಟು, ಸಂಜೆ ಮತ್ತೆ ನಡೆಸಿದರೆ ಮಾಸ್ಕ್ ಪಾಲನೆಯೂ ಸುಧಾರಿಸುತ್ತದೆ, ಬಿಸಿಲಿನ ಬಳಲಿಕೆಯೂ ತಪ್ಪುತ್ತದೆ. ಇಡೀ ದಿನದ ಪ್ರವಾಸಕ್ಕೆ ಬರುವವರಿಗೆ ತಲೆಗೆರಡು ಮಾಸ್ಕ್ ತರಲು ಹೇಳಿ. ಆಲಮಟ್ಟಿಗೆ ಮಕ್ಕಳನ್ನು ಕರೆತರುವ ಶಿಕ್ಷಕರು ಸಂಜೆ ಸಂಗೀತ ಕಾರಂಜಿಯ ಹೊತ್ತಿಗೆಂದೇ ಒಂದು ಒಣ ಮಾಸ್ಕ್ ಎತ್ತಿಡಬೇಕು. ಬೇರೆ ಹೊತ್ತಿನಲ್ಲಿ ಚದುರಿರುವ ಜನ ಆಗ ಒಂದೇ ಕಡೆ ಸೇರುತ್ತಾರೆ.

ಬಳಸಿದ ಮಾಸ್ಕ್ ಕುರಿತು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಹೇಳಿದ ಕ್ರಮ ಸುಲಭವಾಗಿದೆ: ಕಾಗದದ ಚೀಲದಲ್ಲಿ ಕನಿಷ್ಠ 72 ಗಂಟೆ ಇಟ್ಟು, ಕತ್ತರಿಸಿ, ಒಣ ಕಸದ ಜೊತೆ ಹಾಕುವುದು. ಕತ್ತರಿಸದಿದ್ದರೆ ಅವೇ ತೊಳೆದು ಮತ್ತೆ ಮಾರಾಟಕ್ಕೆ ಬರಬಹುದು.

ಹಂತ 9: ಎಣಿಸಿ ನೋಡಿ

ನಿಯಮ ನಡೆಯುತ್ತಿದೆಯೇ ಎಂದು ಸಿಬ್ಬಂದಿಯನ್ನು ಕೇಳಿದರೆ ನಡೆಯುತ್ತಿದೆ ಎಂದೇ ಹೇಳುತ್ತಾರೆ. ಗಂಟೆಗೊಮ್ಮೆ ಒಬ್ಬರು ಒಂದು ಜಾಗದಲ್ಲಿ ನಿಂತು, ಎದುರು ಹಾದುಹೋಗುವ ಐವತ್ತು ಜನರನ್ನು ನೋಡಿ, ಸರಿಯಾಗಿ ಹಾಕಿದವರು, ಮೂಗಿನ ಕೆಳಗೆ ಇಳಿಸಿದವರು, ಹಾಕದವರು ಎಂದು ಮೂರು ಗೆರೆಗಳಲ್ಲಿ ಗುರುತು ಹಾಕಲಿ. ಹೆಸರು ಬೇಡ, ಫೋಟೊ ಬೇಡ. ಒಂದು ವಾರದಲ್ಲಿ ಯಾವ ಜಾಗ, ಯಾವ ಹೊತ್ತು ಸಡಿಲ ಎಂಬುದು ಕಾಣುತ್ತದೆ. ಒಂದೇ ಜಾಗದಲ್ಲಿ ದಿನವೂ ಮಾಸ್ಕ್ ಇಳಿಯುತ್ತಿದ್ದರೆ ಅಲ್ಲಿ ಕಾವಲು ಹೆಚ್ಚಿಸುವ ಮೊದಲು ನೆರಳಿದೆಯೇ, ಸಾಲು ತೀರಾ ಉದ್ದವೇ, ಎದುರಿಗೇ ತಿಂಡಿ ಅಂಗಡಿ ಇದೆಯೇ ಎಂದು ನೋಡಿ.

ಜಾತ್ರೆಯವರಿಗೆ ಬೇರೆ ಮಾತು

ಬನದ ಹುಣ್ಣಿಮೆಯ ಬನಶಂಕರಿ ಜಾತ್ರೆಗಾಗಲಿ, ಸಂಕ್ರಾಂತಿಯ ಹೊತ್ತಿನ ವಿಜಯಪುರದ ಜಾತ್ರೆಗಾಗಲಿ ಗೇಟಿಲ್ಲ, ಟಿಕೆಟಿಲ್ಲ. ಇಡೀ ಜಾತ್ರೆಗೆ ಮಾಸ್ಕ್ ಹಾಕಿಸುವ ಹೊಣೆಯನ್ನು ತೊಟ್ಟಿಲಿನವರು ಹೊರುವುದು ಸಾಧ್ಯವಿಲ್ಲದ ಮಾತು. ನಿಮ್ಮ ಆಟದ ಸುತ್ತ ಹಗ್ಗ ಕಟ್ಟಿ, ಒಳಬರುವ ದಾರಿಯನ್ನೂ ಹೊರಹೋಗುವ ದಾರಿಯನ್ನೂ ಬೇರೆ ಮಾಡಿ, ಹಗ್ಗದ ಒಳಗಷ್ಟೇ ನಿಯಮ ನಡೆಸಿ. ಅಕ್ಕಪಕ್ಕದ ಆಟಗಳವರೂ ಒಟ್ಟಾಗಿ ಒಂದೇ ನಿಯಮ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಮಾಸ್ಕ್ ಕೇಳದ ತೊಟ್ಟಿಲಿಗೇ ಗಿರಾಕಿ ಹೋಗುತ್ತಾರೆ. ಬಾವಿಯಂತಹ ಕಟ್ಟೆಯೊಳಗೆ ಬೈಕ್ ಓಡಿಸುವ ಮೃತ್ಯುಕೂಪದಂತಹ ಆಟದಲ್ಲಿ ನೋಡುವವರು ಕಟ್ಟೆಯ ಸುತ್ತ ಒತ್ತಿ ನಿಲ್ಲುತ್ತಾರೆ. ಅಲ್ಲಿ ಪ್ರತಿ ಆಟಕ್ಕೆ ಬಿಡುವ ಜನರ ಸಂಖ್ಯೆಯನ್ನೇ ಅರ್ಧ ಮಾಡಿ.

ಹಂತ 10: ನಿಯಮ ಸಡಿಲಿಸುವಾಗ

ಹೇರುವಾಗ ಇದ್ದ ಎಚ್ಚರ ತೆಗೆಯುವಾಗಲೂ ಬೇಕು. ಡಿಸ್ನಿ ವರ್ಲ್ಡ್ 2021ರ ಮೇ ತಿಂಗಳಲ್ಲಿ ಹೊರಾಂಗಣದಲ್ಲಿ ಮಾಸ್ಕ್ ಐಚ್ಛಿಕ ಮಾಡಿತು, ಜೂನ್‌ನಲ್ಲಿ ಲಸಿಕೆ ಪೂರ್ತಿಯಾದವರಿಗೆ ಒಳಾಂಗಣದಲ್ಲೂ ಬಿಟ್ಟಿತು, ಡೆಲ್ಟಾ ತಳಿ ಹರಡಿದಾಗ ಜುಲೈ 30ರಿಂದ ಒಳಾಂಗಣದಲ್ಲಿ ಎಲ್ಲರಿಗೂ ಮತ್ತೆ ಕಡ್ಡಾಯ ಮಾಡಿತು. ಮೊದಲು ಬಯಲು, ಆಮೇಲೆ ಕೋಣೆ ಎಂಬ ಕ್ರಮವನ್ನೇ ನೀವೂ ಅನುಸರಿಸಿ. ಆದೇಶ ಹಿಂತೆಗೆದ ದಿನವೇ ಫಲಕಗಳನ್ನು ಇಳಿಸಿ. ಯಾರೂ ಪಾಲಿಸದ ಫಲಕ ಗೋಡೆಯ ಮೇಲೆ ಉಳಿದರೆ, ಪಕ್ಕದಲ್ಲಿರುವ ಸೀಟ್ ಬೆಲ್ಟಿನ ಫಲಕದ ಮಾತನ್ನೂ ಜನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಇಳಿಸಿದ ಫಲಕಗಳನ್ನು ಎಸೆಯದೆ, ನಕ್ಷೆ ಮತ್ತು ಎಣಿಕೆಯ ಹಾಳೆಗಳ ಜೊತೆ ಒಂದು ಕಡೆ ಕಟ್ಟಿಡಿ, ಮೇಲೆ ದಿನಾಂಕ ಬರೆಯಿರಿ.